ಬ್ರೇಕಿಗೆ ತೆಂಗಿನೆಣ್ಣೆ

ಸ್ಪಾನರ್ ಕೈಗೆ ಸಿಕ್ಕಿತೆಂದರೆ ನನಗೆ ಆವೇಶ ಬಂದಂತಾಗುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಯ ಗೋಡೆ ಗಡಿಯಾರವನ್ನು ಬಿಚ್ಚಿ ಜೋಡಿಸಿದಾಗ ಹಲ್ಲಿನ ಚಕ್ರಗಳೆರಡು ಮಿಕ್ಕಿದ್ದವು. ಗಡಿಯಾರ ಹಗುರವಾಯಿತಲ್ಲ ಎಂದು ಸಂತೋಷಪಟ್ಟವನು ನಾನು. ಅಂಥವನ ಕೈಗೆ, ಕಾಪುವಿನ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಕಾಲದಲ್ಲಿ, ಬೊಂಬಾಯಿಯ ದೊಡ್ಡಪ್ಪ ತಮ್ಮ ಹಳೆಯ ಕಾರನ್ನು ಕೊಟ್ಟುಬಿಟ್ಟರು. ಕಾರು ಚೆನ್ನಾಗಿಯೇ ಓಡುತ್ತಿತ್ತು. ನಿಲ್ಲುವುದಕ್ಕೆ ಮಾತ್ರ ಬ್ರೇಕನ್ನು ಮೂರು ಸಲ ತುಳಿಯಬೇಕಿತ್ತು.

ಆಗ ನನ್ನ ಹೆಂಡತಿ ವಾರಿಜಾಳಿಗೆ ಏಳು ತಿಂಗಳು. ಬಯಕೆಯ ಊಟ ಮುಗಿದಿತ್ತು, ಗುರುವಾರ ಅವಳು ಕಾರ್ಕಳದ ತವರಿಗೆ ಹೋಗಬೇಕಿತ್ತು. ನನ್ನ ಕಾರಿನಲ್ಲೇ ಕರೆದುಕೊಂಡು ಹೋಗುತ್ತೇನೆಂದು ನಾನು ಊರಿಗೆಲ್ಲ ಹೇಳಿಯಾಗಿತ್ತು. ಮೂರು ತುಳಿತದ ಸುದ್ದಿ ಹೇಗೋ ಮಾವನ ಕಿವಿಗೂ ಬಿದ್ದಿತ್ತು. ಬ್ರೇಕು ಸರಿಯಾಗದಿದ್ದರೆ ತಾವೇ ಬಸ್ಸಿನಲ್ಲಿ ಬಂದು ಮಗಳನ್ನು ಕರೆದುಕೊಂಡು ಹೋಗುವುದಾಗಿ ಅವರು ಕಾಗದ ಬರೆದರು. ಅಳಿಯನ ಮಾನ ಮುಂದಿನ ಎರಡು ಚಕ್ರಗಳೊಳಗೆ ಸಿಕ್ಕಿಬಿದ್ದಂತಾಯಿತು.

ಕಟಪಾಡಿಯ ಜೋಕಿಂ ಮೇಸ್ತ್ರಿ ಹೊಸ ಲೈನಿಂಗ್ ಕೂರಿಸಿದ ಬ್ರೇಕ್ ಶೂಗಳನ್ನು ತಯಾರು ಮಾಡಿಟ್ಟಿದ್ದ. ಆದರೆ ಪಡುಬಿದ್ರಿಯಲ್ಲಿ ಅವನ ತಂಗಿಯ ಮಗಳ ಮದುವೆ. ಮಂಗಳವಾರ ಬಂದು ತಾನೇ ಹಾಕಿಕೊಡುತ್ತೇನೆಂದು ಹೇಳಿ, ಅವನ್ನು ನನ್ನ ಕೈಯಲ್ಲಿಟ್ಟು ಹೋದ. ಅವನು ಮಾಡಿದ ತಪ್ಪು ಅದೊಂದೇ. ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುವಷ್ಟೂ ತಾಳ್ಮೆ ನನಗಿರಲಿಲ್ಲ. ಜ್ಯಾಕ್ ಕೊಟ್ಟೆ, ಚಕ್ರ ಬಿಚ್ಚಿದೆ, ಸುತ್ತಿಗೆಯಿಂದ ತಟ್ಟಿ ತಟ್ಟಿ ಬೋಗುಣಿಯಂಥ ಡ್ರಮ್ಮನ್ನು ಎಳೆದು ತೆಗೆದೆ. ಒಳಗೆ ಅರ್ಧಚಂದ್ರಾಕಾರದ ಎರಡು ಶೂಗಳು ಸ್ಪ್ರಿಂಗ್ ಹಾಕಿಕೊಂಡು ಕುಳಿತಿದ್ದವು. ಬ್ರೇಕ್ ತುಳಿದಾಗ ಇವು ಅಗಲವಾಗಿ ಡ್ರಮ್ಮಿಗೆ ಉಜ್ಜಿಕೊಳ್ಳುತ್ತವೆ, ಚಕ್ರ ನಿಲ್ಲುತ್ತದೆ. ಇಷ್ಟೇನಾ ಎಂದು ನನಗೆ ನಗು ಬಂತು. ಒಂದು ಸ್ಪ್ರಿಂಗ್ ಹಾರಿ ಬಾವಿಕಟ್ಟೆಯ ಆಚೆ ಬಿತ್ತು. ಅದನ್ನು ಹುಡುಕುವುದೂ ನನಗೆ ಹಬ್ಬವೇ. ಮಧ್ಯಾಹ್ನದ ಹೊತ್ತಿಗೆ ಎರಡೂ ಚಕ್ರಗಳ ನಾಲ್ಕೂ ಹೊಸ ಶೂಗಳು ತಮ್ಮ ಜಾಗದಲ್ಲಿದ್ದವು, ಒಂದು ತುಂಡೂ ಮಿಕ್ಕಿರಲಿಲ್ಲ. ನಾನು ಅಂಗಳದಲ್ಲಿ ಒಬ್ಬನೇ ಕುಣಿದೆನೆಂದರೆ ನೀವು ನಂಬಬೇಕು.

ಇನ್ನು ಕೊನೆಯ ಒಂದು ಕೆಲಸ. ಕಾಪುವಿನ ಕಡಲಗಾಳಿಗೆ ಕಬ್ಬಿಣ ಬಾಳುವುದಿಲ್ಲ. ಕತ್ತಿಯಿರಲಿ, ಬೀಗವಿರಲಿ, ಹೊಲಿಗೆ ಮಿಶನ್ನಿರಲಿ, ಹೊಸದು ಮನೆಗೆ ಬಂದರೆ ಮೊದಲು ಅದಕ್ಕೆ ತೆಂಗಿನೆಣ್ಣೆ ಹಚ್ಚುವುದು ನಮ್ಮಲ್ಲಿ ಕ್ರಮ. ಹೊಸ ಶೂಗಳಿಗೂ ಒಳಗೂ ಹೊರಗೂ ಧಾರಾಳವಾಗಿ, ಎಳೆಗೂಸಿಗೆ ತಿಕ್ಕುವಂತೆ, ಪ್ರೀತಿಯಿಂದ ತಿಕ್ಕಿದೆ. ಡ್ರಮ್ ಮುಚ್ಚಿದೆ, ಚಕ್ರ ಹಾಕಿದೆ, ಪರೀಕ್ಷೆಗೆಂದು ಸಮುದ್ರದ ಕಡೆಯ ದಾರಿ ಹಿಡಿದೆ.

ಕಾರು ನಿಲ್ಲಲಿಲ್ಲ. ಮೂರಲ್ಲ, ಹದಿಮೂರು ಸಲ ತುಳಿದೆ. ದೋಸೆಕಲ್ಲಿನ ವಾಸನೆಯೊಂದು ಬಂತು, ಕಾರು ಮಾತ್ರ ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿ ತೀರದ ಮರಳಿನಲ್ಲಿ ಹೂತುಕೊಂಡು ನಿಂತಿತು. ಕೈಬ್ರೇಕು ಎಂಬುದೊಂದು ಉಂಟೆಂದು ನೆನಪಾದದ್ದು ಆಮೇಲೆ. ಅಲ್ಲೇ ರಂಪಣಿ ಬಲೆ ಎಳೆಯುತ್ತಿದ್ದ ಮೀನುಗಾರರು ಓಡಿ ಬಂದರು. ಅವರಲ್ಲಿ ಹಿರಿಯರೊಬ್ಬರು ಗಂಭೀರವಾಗಿ, "ಎಂತ ಮಾಸ್ಟ್ರೇ, ಕಾರಿಗೆ ಸ್ನಾನ ಮಾಡಿಸಲಿಕ್ಕೆ ತಂದದ್ದಾ?" ಎಂದು ಕೇಳಿದರು. ನಾನು ನಕ್ಕೆ. ಆದರೆ ಪಕ್ಕದಲ್ಲಿ ವಾರಿಜಾ ಕುಳಿತಿದ್ದರೆ ಏನಾಗುತ್ತಿತ್ತೆಂದು ನೆನೆದಾಗ ನಗು ಅಲ್ಲೇ ನಿಂತಿತು. ಬಲೆಯ ಹಗ್ಗದಿಂದಲೇ ಕಾರನ್ನೂ ಎಳೆದು ಮನೆಗೆ ಮುಟ್ಟಿಸಿದರು.

ಮಂಗಳವಾರ ಜೋಕಿಂ ಬಂದು ಚಕ್ರ ಬಿಚ್ಚಿದ. ಸ್ಪ್ರಿಂಗುಗಳನ್ನು ನೋಡಿ, ಇಷ್ಟು ಚಂದ ತಾನೂ ಕೂರಿಸಿಲ್ಲ ಎಂದ. ನನ್ನ ಎದೆ ಉಬ್ಬಿತು. ಆಮೇಲೆ ಶೂವಿನ ಮೇಲೆ ಬೆರಳಾಡಿಸಿ, ಮೂಸಿ, ತಲೆಯೆತ್ತಿ ಕೇಳಿದ:

"ಉಜ್ಜಿಕೊಂಡು ನಿಲ್ಲಬೇಕಾದದ್ದಕ್ಕೆ ಎಣ್ಣೆ ಹಚ್ಚಿದ್ದು ಯಾರು ಮಾರಾಯ್ರೆ?"

ಉಬ್ಬಿದ ಎದೆಯನ್ನು ಅಷ್ಟು ಬೇಗ ಇಳಿಸುವುದು ಹೇಗೆ? ವಾರಿಜಾ ಒಳಗೆ ತೆಂಗಿನಕಾಯಿ ತುರಿಯುತ್ತಿದ್ದಳು. ನಾನು ದನಿ ತಗ್ಗಿಸಿ, "ಮನೆಯವಳು ಹಚ್ಚಿರಬೇಕು. ಅವಳಿಗೆ ಇದೆಲ್ಲ ಎಂತ ಗೊತ್ತು?" ಎಂದೆ. ಜೋಕಿಂ ಅನುಕಂಪದಿಂದ ತಲೆಯಾಡಿಸಿದ. ಇನ್ನು ಮುಂದೆ ಕೆಲಸದ ಹೊತ್ತಿನಲ್ಲಿ ಅಕ್ಕನನ್ನು ಹತ್ತಿರ ಬಿಡಬೇಡಿ ಎಂದು ಬುದ್ಧಿ ಹೇಳಿ, ಆ ಶೂಗಳನ್ನು ತೆಗೆದಿಟ್ಟು ಬೇರೆ ನಾಲ್ಕನ್ನು ಹಾಕಿಕೊಟ್ಟ. ನಾನು ಹೊಗಳಿಕೆಯನ್ನೂ ಬುದ್ಧಿವಾದವನ್ನೂ ವಿನಯದಿಂದ ಸ್ವೀಕರಿಸಿದೆ. ಒಳಗೆ ತುರಿಯುವ ಸದ್ದು ಯಾವಾಗ ನಿಂತಿತ್ತೆಂದು ಗಮನಿಸಲಿಲ್ಲ.

ಗುರುವಾರದ ಸವಾರಿಯನ್ನು ಏನೆಂದು ಹೇಳಲಿ! ಮಣಿಪಾಲ ದಾಟಿದ ಮೇಲಿನ ಇಳಿಜಾರಿನಲ್ಲಿ ಕಾರು ಒಂದೇ ತುಳಿತಕ್ಕೆ ನಿಂತಿತು. ನಿಲ್ಲಿಸುವ ಅಗತ್ಯವಿರಲಿಲ್ಲ, ಆದರೂ ನಿಲ್ಲಿಸಿದೆ. ಹಿರಿಯಡ್ಕದಲ್ಲಿ ಸುಮ್ಮನೆ ನಾಲ್ಕು ಸಲ ನಿಲ್ಲಿಸಿದೆ. ವಾರಿಜಾ ದಾರಿಯುದ್ದಕ್ಕೂ ಮುಗುಳ್ನಗುತ್ತಿದ್ದಳು. ನನ್ನ ಮೇಲೆ ಹೆಮ್ಮೆಯಿರಬೇಕು ಎಂದುಕೊಂಡೆ.

ಕಾರ್ಕಳದಲ್ಲಿ ಮಾವ ಅಂಗಳಕ್ಕೇ ಬಂದರು. ನಾನು ಅವರ ಕಾಲಿನಿಂದ ಒಂದು ಗೇಣು ದೂರದಲ್ಲಿ ಕಾರು ನಿಲ್ಲಿಸಿದೆ. ಅವರಿಗೆ ನಿಜಕ್ಕೂ ಸಂತೋಷವಾಯಿತು. ಬ್ರೇಕಿನ ಕೆಲಸ ಮಾಡಿದ್ದು ಯಾರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ, ವಾರಿಜಾ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಇಳಿಯುತ್ತಾ ಹೇಳಿದಳು:

"ಕೆಲಸ ಇವರದ್ದೇ ಅಪ್ಪ. ಎಣ್ಣೆ ಹಚ್ಚಿದ್ದು ಮಾತ್ರ ನಾನಂತೆ. ಯಾವಾಗ ಹಚ್ಚಿದ್ದೆಂದು ಇವರನ್ನೇ ಕೇಳಿ."

ಮಾವ ನನ್ನ ಕಡೆ ತಿರುಗಿದರು. ಕಾರು ನಿಂತರೆ ಸಾಕೆಂದು ನಾಲ್ಕು ದಿನ ದೇವರನ್ನು ಬೇಡಿಕೊಂಡಿದ್ದ ನಾನು, ಈಗ ಅದು ಒಮ್ಮೆ ಇಲ್ಲಿಂದ ಹೊರಟರೆ ಸಾಕೆಂದು ಬೇಡಿಕೊಳ್ಳತೊಡಗಿದೆ.