ಐದು ಇಂಚಿನ ಸ್ನಾನ

ಎಲ್ಲ ರಗಳೆಗೂ ಮೂಲ, ಎಡ್ನಾ ತಮ್ಮ ಮನೆಯ ಸ್ನಾನದ ತೊಟ್ಟಿಯೊಳಗೆ ಬಳಿದ ಒಂದು ಕಪ್ಪು ಗೆರೆ.

ಎರಡನೇ ಮಹಾಯುದ್ಧ ನಾಲ್ಕನೇ ವರ್ಷಕ್ಕೆ ಕಾಲಿಟ್ಟಿತ್ತು. ಕಲ್ಲಿದ್ದಲು ಉಳಿಸಬೇಕು, ತೊಟ್ಟಿಯಲ್ಲಿ ಐದು ಇಂಚಿಗಿಂತ ಹೆಚ್ಚು ಬಿಸಿನೀರು ಯಾರೂ ಬಳಸಬೇಡಿ ಎಂದು ಸರ್ಕಾರ ಕೇಳಿಕೊಂಡಿತ್ತು; ಆ ಐದು ಇಂಚಿನ ಗುರುತೇ ಈ ಗೆರೆ. ಎಡ್ನಾಳ ಗಂಡ ಹೋರೇಸ್ ಪಿಂಬ್ಲೆಟ್ ಬೋಲ್ಟನ್ ಊರಿನ ನೀರಿನ ಕಚೇರಿಯ ಗುಮಾಸ್ತ. ಗೆರೆ ದಾಟುವ ಆಸಾಮಿಯಲ್ಲ. ಆದರೆ ರೇಷನ್ ಊಟದಲ್ಲಿ ಇಡೀ ಬೀದಿ ಸೊರಗಿದ್ದರೂ ಅವನೊಬ್ಬ ಮಾತ್ರ ಹುದುಗು ಬಂದ ಹಿಟ್ಟಿನಂತೆ ಉಬ್ಬಿಯೇ ಇದ್ದ.

ಶನಿವಾರ ಮಧ್ಯಾಹ್ನ, ವಾರಕ್ಕೊಂದೇ ಸ್ನಾನ. ಗೆರೆಗೆ ಸರಿಯಾಗಿ ನೀರು ಬಿಟ್ಟು ಹೋರೇಸ್ ಒಳಗಿಳಿದ. ನೀರು ಏರಿ ಎದೆ ಮುಟ್ಟಿತು. 'ಆಹಾ' ಎಂದು ಕಣ್ಣು ಮುಚ್ಚಿದ.

ಬಚ್ಚಲ ಬಾಗಿಲಿಗೆ ಚಿಲಕವಿರಲಿಲ್ಲ. ವಿಮಾನ ಮಾಡಲು ಲೋಹ ಬೇಕೆಂದು ಎಡ್ನಾ ಅದನ್ನು ಬಿಚ್ಚಿ ಕೊಟ್ಟಿದ್ದಳು. ಚೂರು ಚಹಾಪುಡಿ ಕೇಳಲು ಬಂದ ಪಕ್ಕದ ಮನೆಯ ಮಿಸೆಸ್ ಹೊರಾಕ್ಸ್ ಎಡ್ನಾಳನ್ನು ಹುಡುಕುತ್ತ ಅದೇ ಬಾಗಿಲು ತಳ್ಳಿದಳು.

"ಅಯ್ಯಯ್ಯೋ! ನಾವೆಲ್ಲ ಪಾದ ನೆನೆಸಿಕೊಂಡು ಏಳ್ತೀವಿ, ಈ ಮನುಷ್ಯ ಈಜಾಡ್ತಿದಾನಲ್ರೀ!"

ಹೋರೇಸ್ ಬಾಯಿ ತೆರೆಯುವಷ್ಟರಲ್ಲಿ ಆಕೆ ಬೀದಿಗಿಳಿದಾಗಿತ್ತು. ಐದೇ ನಿಮಿಷದಲ್ಲಿ, ಬಾಂಬ್ ದಾಳಿಯ ಕಾವಲಿಗೆ ನೇಮಿಸಿದ್ದ ಬೀದಿಯ ವಾರ್ಡನ್ ಕ್ಲೆಗ್ ಅವರನ್ನು ಕರೆತಂದಳು. ಕ್ಲೆಗ್ ನಿವೃತ್ತ ಮೇಷ್ಟ್ರು; ಹೋರೇಸನಿಗೆ ಲೆಕ್ಕ ಕಲಿಸಿದವರು. ತಲೆಯ ಮೇಲೆ ಉಕ್ಕಿನ ಟೋಪಿ, ಕೈಯಲ್ಲಿ ಅಳತೆಪಟ್ಟಿ.

"ಒಂಬತ್ತು ಇಂಚು! ನೀರಿನ ಕಚೇರಿಯವನೇ ಹೀಗಾ? ಇವತ್ತೇ ನಿಮ್ಮ ಸಾಹೇಬರಿಗೆ ಕಾಗದ ಬರೀತೀನಿ."

"ಮೇಷ್ಟ್ರೇ, ನಾನು ಎದ್ರೆ ಐದೇ ಇಂಚು! ಕೆಲಸ ಹೋಗುತ್ತೆ, ಬರೀಬೇಡಿ!"

"ಹಾಗಾದ್ರೆ ಎದ್ದು ನಿಲ್ಲು."

"ಮಿಸೆಸ್ ಹೊರಾಕ್ಸ್ ಇಲ್ಲೇ ಇದಾರಲ್ಲ!"

"ನಾನು ಸಾಕ್ಷಿ," ಎಂದು ಆಕೆ ಗೋಡೆಗೆ ಮುಖ ಮಾಡಿ ನಿಂತಳೇ ಹೊರತು ಜಾಗ ಬಿಡಲಿಲ್ಲ.

ಎಡ್ನಾ ಕಿಟಕಿಯ ಕಪ್ಪು ಪರದೆ ಕಿತ್ತು ತಂದು ಅಡ್ಡ ಹಿಡಿದಳು. ಹೋರೇಸ್ ಎದ್ದ: ಐದು ಇಂಚು. ಕೂತ: ಒಂಬತ್ತು. ಎದ್ದ: ಐದು. ಮೇಷ್ಟ್ರ ಮುಖ ಅರಳಿತು. ಮುಳುಗಿದ ವಸ್ತು ನೀರನ್ನು ಮೇಲೇರಿಸುತ್ತದೆ ಎಂದು ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಗೀಚಿದ್ದು ಈಗ ಕಣ್ಣೆದುರಿಗೇ ನಡೆಯುತ್ತಿದೆ! ಅವರು ಕಿಟಕಿಯಿಂದ ಕೂಗಿ ಬೀದಿಯವರನ್ನೆಲ್ಲ ಕರೆದರು. ಮೆಟ್ಟಿಲ ಮೇಲೆ ಸಾಲು ನಿಂತಿತು.

"ಇನ್ನೊಂದ್ಸಲ ಕೂತ್ಕೋ ಪಿಂಬ್ಲೆಟ್, ಹಿಂದಿನವರಿಗೆ ಕಾಣಲಿಲ್ಲವಂತೆ."

ಹದಿನಾಲ್ಕನೇ ಸಲಕ್ಕೆ ನೀರು ತಣ್ಣಗಾಗಿ ಹೋರೇಸನ ಹಲ್ಲು ಕಟಕಟಿಸತೊಡಗಿತು.

"ಹೋರೇಸ್ ನಿರಪರಾಧಿ!" ಎಂದು ಮೇಷ್ಟ್ರು ಸಾರಿದರು. "ನಾಲ್ಕು ಇಂಚು ಇವನ ಮೈಯಿಂದಲೇ ಬಂದದ್ದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಹೋರೇಸನಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಸ್ವಲ್ಪ ಬಿಸಿನೀರು ಬಿಟ್ಕೊಳ್ಲಾ ಮೇಷ್ಟ್ರೇ?"

"ತಡೀರಿ," ಎಂದಳು ಮಿಸೆಸ್ ಹೊರಾಕ್ಸ್, ಗೋಡೆಗೇ ಹೇಳುವಂತೆ. "ನಾಲ್ಕು ಇಂಚು ಇವರೇ ತರ್ತಾರೆ ಅಂದ್ಮೇಲೆ, ಇವರಿಗೆ ನೀರು ಒಂದೇ ಇಂಚು ಸಾಕಲ್ವಾ?"

ಮೇಷ್ಟ್ರು ಬೆರಳು ಮಡಿಚಿ ಲೆಕ್ಕ ಹಾಕಿದರು. "ಭೇಷ್! ಎಡ್ನಾ, ಬ್ರಷ್ ತಗೊಂಡು ಬಾರಮ್ಮ."

ಹೆಚ್ಚಿನ ನೀರನ್ನೆಲ್ಲ ನೆರೆಯವರು ಬಕೆಟ್ಟಿನಲ್ಲಿ ಮೊಗೆದು ತಮ್ಮ ತಮ್ಮ ಕೋಸಿನ ಮಡಿಗಳಿಗೆ ಹೊತ್ತರು. ಒಂದು ಇಂಚಿಗೆ ಹೊಸ ಗೆರೆ ಬಿತ್ತು. ಹೋರೇಸ್ ನಡುಗುತ್ತ ಕೂತ. ನೀರು ಅವನ ಕಣಕಾಲಿನ ಗಂಟನ್ನೂ ಮುಟ್ಟಲಿಲ್ಲ.

ಮೇಷ್ಟ್ರು ಬಗ್ಗಿ ಅಳೆದರು; ಐದು ಇಂಚಿಗೆ ಬಹಳ ಕಮ್ಮಿ. ಟೋಪಿ ಸರಿಸಿ ತಲೆ ಕೆರೆದುಕೊಂಡರು. ಕೊನೆಗೆ ಹೋರೇಸನನ್ನು ಮೇಲಿಂದ ಕೆಳಗೆ ನೋಡಿ ಬೇಸರದಿಂದ ಹೇಳಿದರು:

"ಲೆಕ್ಕ ಸರಿಯಾಗೇ ಇದೆ ಪಿಂಬ್ಲೆಟ್. ನೀನೇ ಇನ್ನೂ ಸ್ವಲ್ಪ ದಪ್ಪ ಆಗ್ಬೇಕು."