ಹಾಲುಕ್ಕಿದ ಗಾಡಿ

ಹನ್ನೆರಡು ವರ್ಷದ ಹಿಂದೆ, ಮದುವೆಯಾದ ಹೊಸದರಲ್ಲಿ, ಶಿವಗಂಗೆ ಬೆಟ್ಟದ ತುದಿಯಲ್ಲಿ ಏದುಸಿರು ಬಿಡುತ್ತ ಬೈರೇಶ ಹೆಂಡತಿಗೆ ಮಾತು ಕೊಟ್ಟಿದ್ದ: "ನಿಂಗೆ ಸಮುದ್ರ ತೋರಿಸ್ತೀನಿ ಕಣೇ." ಅವನೂ ಸಮುದ್ರ ನೋಡಿರಲಿಲ್ಲ. ಎತ್ತರದಲ್ಲಿ ನಿಂತವರಿಗೆ ಮಾತು ಅಗ್ಗ.

ಅರಿಶಿನಕುಂಟೆಯಲ್ಲಿ ಅವನದು ಗ್ಯಾಸ್ ಒಲೆ ರಿಪೇರಿ ಅಂಗಡಿ. ಗುಜರಿಗೆ ಹೊರಟಿದ್ದ ಹಳೆಯ ಟೆಂಪೋ ಒಂದನ್ನು ತಂದು, ಎರಡು ವರ್ಷದ ಭಾನುವಾರಗಳನ್ನೆಲ್ಲ ಅದಕ್ಕೆ ಸುರಿದು ಕ್ಯಾರವಾನ್ ಮಾಡಿದ. ಮಲಗಲು ಹಲಗೆ, ಮೂಲೆಯಲ್ಲಿ ಒಲೆ, ಪುಟ್ಟ ಫ್ರಿಜ್. ಗ್ಯಾಸ್ ಸೋರಿದರೆ ಕೂಗುವ ಅಲಾರಂ, ಸೋರಿದ್ದು ಕೆಳಗಿಳಿದು ಹೋಗಲು ನೆಲದಲ್ಲೊಂದು ತೂತು, ಶಾಕ್ ಹೊಡೆಯುವ ಮೊದಲೇ ಕರೆಂಟ್ ಕಡಿಯುವ ಟ್ರಿಪ್ಪರ್. ಯಾವುದರಲ್ಲೂ ಜಿಪುಣತನ ಮಾಡಿರಲಿಲ್ಲ. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ರಮ್ಯಳಿಗೆ ಸಿಕ್ಕಿದ್ದು ಮೂರೇ ದಿನ ರಜೆ. ಇವತ್ತು ಹೊರಡದಿದ್ದರೆ ಇನ್ನು ಯಾವ ಕಾಲಕ್ಕೋ.

ಬೆಳಗ್ಗೆ ಬೀಳ್ಕೊಡಲು ಬೀದಿಯೇ ನೆರೆಯಿತು. ರಮ್ಯಳ ತಮ್ಮ ಮಂಜೇಶನೂ ತನ್ನ ಕಾರಿನಲ್ಲಿ ಬಂದಿದ್ದ. ಬೀದಿಗೆ ಹಿರಿಯರಾದ ಅಪ್ಪಯ್ಯಣ್ಣ ಕೇಳಿದರು, "ಅಲ್ಲಾ ಬೈರೇಶ, ಇದು ಗಾಡಿನೋ, ಮನೆನೋ?"

"ಗಾಡಿ ಅಣ್ಣ. ಚಕ್ರ ಕಾಣಲ್ವಾ?"

"ಒಲೆ ಐತಲ್ಲೋ!" ಬೈರೇಶನ ತಾಯಿ ವರಲಕ್ಷ್ಮಮ್ಮ ಮುಂದೆ ಬಂದರು. "ಒಲೆ ಇದ್ಮೇಲೆ ಮನೆನೇ. ಹಾಲುಕ್ಕಿಸ್ದೆ ಹೊರಡಂಗಿಲ್ಲ."

ಚಕ್ರಕ್ಕೆ ನಿಂಬೆಹಣ್ಣು, ಒಲೆಗೆ ಹಾಲು ಎಂದು ತೀರ್ಮಾನವಾಯಿತು. ಬೈರೇಶ ನಿಂಬೆಹಣ್ಣು ತರಲು ಹೋದ. ಹೋಗಬಾರದಿತ್ತು.

ವಾಪಸು ಬಂದಾಗ ಕ್ಯಾರವಾನ್ ಮೈತುಂಬ ಸೀರಿಯಲ್ ಸೆಟ್ ಸುತ್ತಿಕೊಂಡು ಗಣೇಶನ ಪೆಂಡಾಲಿನಂತೆ ಮಿನುಗುತ್ತಿತ್ತು. ಪಕ್ಕದ ಮನೆಯ ಜಯಕುಮಾರ, ಹಿಂದೆಂದೋ ಎರಡು ತಿಂಗಳು ಲೈನ್‌ಮನ್‌ಗೆ ಏಣಿ ಹಿಡಿದವನು, ಬೈರೇಶನ ಮನೆಯೊಳಗಿನ ಪ್ಲಗ್ಗಿನಿಂದ ವೈರೆಳೆದು, ಬರಿ ತಂತಿ ಜಾರದಂತೆ ಪ್ಲಗ್ಗಿನ ತೂತಿಗೆ ಬೆಂಕಿಕಡ್ಡಿ ಸಿಕ್ಕಿಸಿದ್ದ.

"ಟ್ರಿಪ್ಪರ್ ಸುಮ್ನೆ ಬೀಳ್ತಾನೇ ಇತ್ತು ಗುರು. ಕಿತ್ತಾಕಿ ನೇರ ಕೊಟ್ಬಿಟ್ಟೆ."

"ಅದು ಬೀಳೋದೇ ನಾವು ಸಾಯ್ದೆ ಇರ್ಲಿ ಅಂತ ಕಣಣ್ಣ!"

"ಒಳ್ಳೆ ದಿನ ಸಾವಿನ ಮಾತ್ಯಾಕೋ," ಎಂದು ಅಪ್ಪಯ್ಯಣ್ಣ ಗದರಿದರು.

ಅಷ್ಟರಲ್ಲಿ ರಂಗೋಲಿಗೆ ನೀರು ಹಾಕಿದ್ದ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ವರಲಕ್ಷ್ಮಮ್ಮ ಕ್ಯಾರವಾನಿನ ಬಾಗಿಲ ಹಿಡಿ ಮುಟ್ಟಿದರು. ಜುಮ್ಮೆಂದು ಕೈ ಕಿತ್ತುಕೊಂಡು ಗಡಗಡ ನಡುಗಿದರು.

"ಅಮ್ಮ ಮೈಮೇಲೆ ಬಂದ್ಲು!" ಯಾರೋ ಕೂಗಿದರು. ಅಪ್ಪಯ್ಯಣ್ಣ ಕೈ ಮುಗಿದು, "ತಾಯೀ, ನಮ್ ಬೋರಲ್ಲಿ ನೀರು ಯಾವಾಗ?" ಎಂದು ಕೇಳಿಯೇಬಿಟ್ಟರು.

ಬೈರೇಶ ಪ್ಲಗ್ ಕೀಳಲು ಮನೆಯೊಳಕ್ಕೆ ಓಡಿದ. ಇತ್ತ ಕ್ಯಾರವಾನಿನಲ್ಲಿ ಆಗಲೇ ಒಲೆಗಿಟ್ಟಿದ್ದ ಹಾಲು ಉಕ್ಕಿ ಚೆಲ್ಲಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚೆಲ್ಲಿದ ಹಾಲಿಗೆ ಒಲೆ ಆರಿತು, ಗ್ಯಾಸ್ ಸೋರುತ್ತಲೇ ಇತ್ತು. ಅದನ್ನು ಯಾರೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಅಲಾರಂ ಕಿರುಚತೊಡಗಿತು.

ಬೈರೇಶನಿಗೂ ಕೇಳಿಸಿತು. ಆಮೇಲೆ ಅದು ಥಟ್ಟನೆ ನಿಂತಿತು. ಕೂಗಿದ್ದಕ್ಕಿಂತ ನಿಂತದ್ದೇ ಅವನನ್ನು ಹೆದರಿಸಿತು. ಪ್ಲಗ್ ಕಿತ್ತವನೇ ಕ್ಯಾರವಾನಿನೊಳಕ್ಕೆ ಓಡಿ ಬಂದ.

"ಅಪಶಕುನದ ಮುಂಡೇದು, ಕಿತ್ತೆ," ಎಂದರು ಅಪ್ಪಯ್ಯಣ್ಣ, ಅಲಾರಂ ಕೈಯಲ್ಲಿ ಹಿಡಿದು. ಗ್ಯಾಸಿನ ವಾಸನೆ ಮೂಗಿಗೆ ಒದೆಯುತ್ತಿತ್ತು. ನೆಲದ ತೂತಿಗೆ ಹಳೇ ಸೀರೆ ತುರುಕಿತ್ತು.

"ಹೆಗ್ಗಣ ಬರ್ತಾವೆ ಅಂತ ನಾನೇ ಮುಚ್ದೆ ಕಣೋ," ಎಂದರು ಈಗಷ್ಟೇ ದೇವಿಯಿಂದ ಬಿಡುಗಡೆಯಾಗಿದ್ದ ವರಲಕ್ಷ್ಮಮ್ಮ. ಅವರ ಒಂದು ಕೈಯಲ್ಲಿ ಕರ್ಪೂರದ ತಟ್ಟೆ, ಇನ್ನೊಂದರಲ್ಲಿ ಬೆಂಕಿಕಡ್ಡಿ.

ಬೈರೇಶ ಹಾರಿ ಕೈಗೇ ಹೊಡೆದ. ತಟ್ಟೆ ಠಣ್ಣೆಂದು ಬಿತ್ತು.

"ಏನ್ ಗುರು, ವಾಸ್ನೆ ತಾನೆ? ಬ್ಯಾಟ್ರಿ ಫ್ಯಾನ್ ಹಾಕ್ತೀನಿ ಇರು," ಎಂದು ಜಯಕುಮಾರ ಸ್ವಿಚ್ಚಿಗೆ ಕೈ ಚಾಚಿದ. ಬೈರೇಶ ಅವನ ಕೈ ಹಿಡಿದು ತಿರುಚಿದ, ರೆಗ್ಯುಲೇಟರ್ ಮುಚ್ಚಿದ, ಎಲ್ಲರನ್ನೂ ಕುರಿಗಳಂತೆ ಹೊರಗಟ್ಟಿ ಬಾಗಿಲು, ಕಿಟಕಿ ತೆರೆದ.

ಒಂದು ಬೀದಿಯನ್ನು ಉಳಿಸಿದ್ದಕ್ಕೆ ಆ ಬೀದಿ ಅವನಿಗೆ ಬೈಯಿತು. ಆರತಿ ತಟ್ಟೆ ಬೀಳಿಸಿದ, ಹೆತ್ತತಾಯಿಗೆ ಹೊಡೆದ.

"ವೈರಿಂಗ್ ಎಲ್ಲ ಬಿಚ್ಚಿ ನೋಡ್ಬೇಕು," ಬೈರೇಶ ರಮ್ಯಳ ಮುಖ ನೋಡದೆ ಹೇಳಿದ. "ಇದ್ರಲ್ಲಿ ಇವತ್ತು ನಿನ್ನ ಕೂರಿಸ್ಕೊಂಡ್ ಹೋಗಲ್ಲ. ನಾಳೆ ಸಂಜೆ ಹೊರಡಣ."

"ನಾಡಿದ್ದು ರಾತ್ರಿಗೆ ನಾನು ವಾಪಸ್ ಇರ್ಬೇಕಲ್ಲ ರೀ."

"ನಾನ್ ಕರ್ಕೊಂಡೋಗ್ತೀನಿ ಭಾವ," ಎಂದ ಮಂಜೇಶ. "ಕಾರಲ್ಲಿ ಐದು ಸೀಟಿದೆ, ನೀವೂ ಬನ್ನಿ."

ಬೈರೇಶನ ಮುಖ ಅರಳಿತು. ಅಷ್ಟರಲ್ಲಿ ವರಲಕ್ಷ್ಮಮ್ಮ, "ಹಾಲುಕ್ಕಿಸಿದ ಮನೆ ಖಾಲಿ ಬಿಟ್ಟಾರೇನೋ? ಯಜಮಾನ ಅವತ್ತು ಅಲ್ಲೇ ಮಲಗ್ಬೇಕು," ಎಂದರು.

"ಹೌದಪ್ಪ, ಪದ್ಧತಿ," ಎಂದು ಅಪ್ಪಯ್ಯಣ್ಣ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಜಯಕುಮಾರ ಹಿಂದೆ ತೂರಿಕೊಂಡ. "ವಯಸ್ಸಾಯ್ತು, ನಾನೂ ಒಂದ್ಸಲ ನೋಡ್ಬಿಡ್ತೀನಿ," ಎಂದು ವರಲಕ್ಷ್ಮಮ್ಮ ಅವನ ಪಕ್ಕ ಸೇರಿದರು. ರಮ್ಯ ಒಂದು ಗಳಿಗೆ ನಿಂತು ಗಂಡನನ್ನು ನೋಡಿದಳು. ಆಮೇಲೆ ಹತ್ತಿದಳು.

ಸಂಜೆ ಆರಕ್ಕೆ, ಬೈರೇಶ ಟ್ರಿಪ್ಪರ್ ಮತ್ತೆ ಕೂರಿಸುತ್ತಿದ್ದಾಗ ವಿಡಿಯೋ ಕಾಲ್ ಬಂತು.

"ರೀ, ನೋಡಿದ್ರಾ! ಎಷ್ಟ್ ದೊಡ್ಡದು!" ರಮ್ಯ ಫೋನನ್ನು ಅತ್ತ ತಿರುಗಿಸಿ ಹಿಡಿದಳು.

ಬೈರೇಶ ಜೀವನದಲ್ಲಿ ಮೊದಲ ಸಲ ಸಮುದ್ರ ನೋಡಿದ. ತೋರಿಸಿದವಳು ರಮ್ಯ. ಅವನು ಕೊಟ್ಟ ಮಾತು ನಡೆಯಲಿಲ್ಲ.