ತೆರಿಗೆ ಇಳಿಯಿತು, ಕೆಲಸ ಹೆಚ್ಚಾಯಿತು

ನಾನು ಕಿಟಕಿ ಪಕ್ಕ ಕುಂತು ಎಲ್ಲೋ ನೋಡುತ್ತಾ ಇದ್ದಾಗಲೇ ನಮ್ಮ ಫ್ಯಾಕ್ಟರಿಯಲ್ಲಿ ಏನಾದರೊಂದು ನಗೆಪಾಟಲು ನಡೆದುಬಿಡುತ್ತದೆ. ಹುಡುಕಿಕೊಂಡು ಹೋಗಬೇಕಾದ್ದೇ ಇಲ್ಲ.

ಹೊಸದುರ್ಗದ ಹೊರಗೆ ತೆಂಗಿನಕಾಯಿ ಪೌಡರ್ ಮಾಡುವ ಕಂಪನಿ ಅದು. ನಾನು ಗುಮಾಸ್ತ, ದಿನಾ ಹೊಳಲ್ಕೆರೆಯಿಂದ ಬಸ್ಸಿನಲ್ಲಿ ಬರುತ್ತೇನೆ. ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ನಿಧಾನಕ್ಕೆ ತಿರುಗುತ್ತಿರುತ್ತವೆ, ಒಳಗೆಲ್ಲ ಕಾಯಿಹಾಲಿನ ಸಿಹಿ ವಾಸನೆ. ಮಧ್ಯಾಹ್ನವಾದರೆ ಕಣ್ಣು ಬಿಟ್ಟುಕೊಂಡೇ ಕನಸು ಬೀಳುತ್ತದೆ. ಆ ವರ್ಷ ಎಲ್ಲರಿಗೂ ಒಂದೇ ಕನಸು. ಕಂಪನಿಗಳ ತೆರಿಗೆ ಇಳಿಸಿದ್ದಾರೆ, ಇನ್ನು ಊರೂರಲ್ಲೂ ಕೆಲಸ ಹುಟ್ಟುತ್ತದೆ ಅಂತ ಟೀವಿಯಲ್ಲಿ ಹೇಳಿದ್ದರು.

ನಮ್ಮ ಸಾಹುಕಾರರೂ ಅದೇ ಗುಂಗಿನಲ್ಲಿ, "ತೆರಿಗೆ ಇಳಿದ್ರೆ ನಮ್ಮಲ್ಲೂ ಕೆಲಸ ಹೆಚ್ಚಾಗುತ್ತೆ ಕಣಪ್ಪ. ಆಫೀಸಿಗೆ ಇನ್ನೊಬ್ರನ್ನ ತಗಳಾಣ. ನಿಮ್ಮನೆಯವ್ರೇ ಬರ್ಲಿ ಬಿಡು" ಅಂದರು.

ನಮ್ಮಾಕೆ ಬಿ.ಕಾಂ. ತನ್ನದೇ ಒಂದು ಕೆಲಸ ಬೇಕು ಅಂತ ಮದುವೆಯಾದಾಗಿನಿಂದ ಅರ್ಜಿ ಹಾಕಿ ಹಾಕಿ ಸುಸ್ತಾದವಳು. ವಿಷಯ ಹೇಳಿದ್ದೇ ತಡ, ಬೀರುವಿನಿಂದ ಮಾರ್ಕ್ಸ್ ಕಾರ್ಡ್ ತೆಗೆದು ದೇವರ ಮುಂದೆ ಇಟ್ಟಳು. ಅದನ್ನು ನೋಡಿ ನನಗೆ ಖುಷಿಯೂ ಆಯಿತು, ಭಯವೂ ಆಯಿತು.

ಕಟ್ ಆಯ್ತಂತೆ

ಮರುದಿನ ಕಾಯಿ ಸಿಪ್ಪೆ ಹೆರೆಯುವ ಹೆಂಗಸರು ಒಬ್ಬರೂ ಕೆಲಸಕ್ಕೆ ಕೈ ಹಚ್ಚಲಿಲ್ಲ. ಬೇವಿನ ಮರದ ಕೆಳಗೆ ಸಾಲಾಗಿ ಕುಂತುಬಿಟ್ಟಿದ್ದರು. ಸಾಹುಕಾರರು ಹೋಗಿ ಕೇಳಿದಾಗ ಅವರಲ್ಲೇ ಹಿರಿಯಳಾದ ಅಕ್ಕ ಮಾತಾಡಿದಳು.

"ಅದೇನೋ ಟ್ಯಾಕ್ಸ್ ಕಟ್ ಮಾಡ್ಯಾರಂತಲ್ಲ ಸಾವ್ಕಾರ್ರೆ. ನಮ್ಮ ಕೂಲೀಲಿ ಕಟ್ ಮಾಡಾದಾದ್ರೆ ನಾವು ಏಳಾದಿಲ್ಲ."

"ನಿಮ್ದಲ್ಲ ಕಣಮ್ಮ, ನನ್ನ ಟ್ಯಾಕ್ಸ್ ಕಟ್ ಆಗಿರಾದು."

"ಅಯ್ಯೋ ಪಾಪ, ನಿಮ್ಮನ್ನೂ ಬಿಡ್ಲಿಲ್ವಾ" ಅಂತ ಹೆಂಗಸರೆಲ್ಲ ಲೊಚಗುಟ್ಟಿದರು. ಒಬ್ಬಾಕೆ ಎದ್ದು ಹೋಗಿ ಕುಡಿಯಲು ನೀರು ತಂದುಕೊಟ್ಟಳು.

ಸಾಹುಕಾರರು ನೀರು ಕುಡಿದು, "ಕಟ್ ಆದ್ರೆ ಒಳ್ಳೇದು ಕಣ್ರಮ್ಮ" ಅಂದರು.

ಅಕ್ಕ ಸೆರಗು ಕೊಡವಿಕೊಂಡು ಎದ್ದಳು. "ಹೋದ ತಿಂಗಳು ನಂದು ಅರ್ಧ ದಿನದ ಕೂಲಿ ಕಟ್ ಆದಾಗ ಈ ಮಾತು ನೀವು ಹೇಳ್ಲೇ ಇಲ್ಲ."

ಅಂಡ್ ಕಂಪನಿ

ಸಾಹುಕಾರರ ಭಾಮೈದ ಹಿರಿಯೂರಿನಲ್ಲಿ ಎಣ್ಣೆ ಗಿರಣಿ ಇಟ್ಟಿದ್ದಾರೆ, ಅಣ್ಣತಮ್ಮಂದಿರ ಪಾಲಿನದು. ತನಗೂ ತೆರಿಗೆ ಇಳಿಯುತ್ತದೆ ಅಂತ ನನ್ನನ್ನು ಜೊತೆಗೆ ಕರೆದುಕೊಂಡು ಚಿತ್ರದುರ್ಗಕ್ಕೆ, ಆಡಿಟರ್ ಹತ್ತಿರ ಹೋದರು.

"ನಿಮ್ದು ಪಾಲುದಾರಿಕೆ ರೀ, ಈ ಇಳಿಕೆ ಕಂಪನಿಗಳಿಗೆ ಮಾತ್ರ" ಅಂದರು ಆಡಿಟರ್.

"ಬೋರ್ಡಿನಾಗೆ 'ಅಂಡ್ ಕಂಪನಿ' ಅಂತ ಐತಲ್ರಿ. ನಮ್ಮಪ್ಪನ ಕಾಲದಾಗೆ ಬರೆಸಿದ್ದು."

"ನಮ್ಮನೆ ಗೇಟಿನ ಮೇಲೆ 'ನಾಯಿ ಇದೆ ಎಚ್ಚರಿಕೆ' ಅಂತ ಐತೆ. ನಾಯಿ ಸತ್ತು ಆರು ವರ್ಷ ಆಯ್ತು."

ಭಾಮೈದ ದಾರಿಯುದ್ದಕ್ಕೂ ಕಾರಿನ ಗಾಜಿಗೆ ತಲೆ ಆನಿಸಿ ಆಕಾಶ ನೋಡುತ್ತಿದ್ದರು. ಹಿರಿಯೂರು ಮುಟ್ಟಿದ ಕೂಡಲೇ ಪೇಂಟರನ್ನು ಕರೆಸಿ 'ಕಂಪನಿ' ಅನ್ನುವ ಅಕ್ಷರಗಳನ್ನು ಎರಡರಷ್ಟು ದೊಡ್ಡದು ಮಾಡಿಸಿದರು. ಪೇಂಟರಿಗೆ ಒಂದೂವರೆ ದಿನ ಹಿಡಿಯಿತು. ತೆರಿಗೆ ಇಳಿಕೆಯಿಂದ ಹುಟ್ಟಿದ ಕೆಲಸ ಅಂತ ನಾನು ಕಣ್ಣಾರೆ ಕಂಡ ಮೊದಲನೆಯದು ಅದು.

ಖಾಲಿ ಇಲ್ಲ

ಸಾಹುಕಾರರ ಮಾತು ಬಬ್ಬೂರು, ಹರಿಯಬ್ಬೆವರೆಗೂ ಹರಡಿ, ಬೆಳಗಾದರೆ ಗೇಟಿನ ಮುಂದೆ ಜನ. ಬೇಸತ್ತ ಸಾಹುಕಾರರು 'ಕೆಲಸ ಖಾಲಿ ಇಲ್ಲ' ಅಂತ ನನ್ನ ಕೈಲೇ ಬೋರ್ಡ್ ಬರೆಸಿದರು. ಅದನ್ನು ಬರೆಯುವಾಗ ನಮ್ಮಾಕೆಯ ಮುಖ ನೆನಪಾಗಿ ಕೈ ಓಡಲಿಲ್ಲ.

ಹೊರಕೆರೆದೇವಪುರದ ಕಡೆಯ ಅಜ್ಜನೊಬ್ಬ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಿದ್ದು, "ಏನಂತ ಬರ್ದೀರಿ?" ಅಂತ ಕೇಳಿದ. ಓದಿ ಹೇಳಿದೆ.

"ಸರಿ ಬಿಡಪ್ಪ. ನನ್ನಂಗೆ ಓದಾಕೆ ಬರದೋರಿಗೆ ಇದನ್ನ ಹೇಳಾಕೆ ಒಬ್ರು ಬೇಕಲ್ಲ?"

ಸಾಹುಕಾರರಿಗೆ ಅದು ನ್ಯಾಯವಾಗಿಯೇ ಕಂಡಿತು. ಅಜ್ಜನಿಗೆ ಒಂದು ಸ್ಟೂಲು, ಒಂದು ಪೀಪಿ ಕೊಟ್ಟು ಗೇಟಿನಲ್ಲಿ ಕೂರಿಸಿದರು. ಮಾರನೇ ದಿನವೇ ಅಜ್ಜನ ಭಾವ ಬಂದು ಕೆಲಸ ಐತಾ ಅಂತ ವಿಚಾರಿಸಿದ.

"ಒಂದೇ ಒಂದು ಇತ್ತು ಭಾವ. ಕೆಲಸ ಇಲ್ಲ ಅಂತ ಹೇಳಾ ಕೆಲಸ. ನಿನ್ನೆ ನಾನೇ ತಗಂಡೆ."

ಮನೆಯಲ್ಲಿ ಇದನ್ನು ಹೇಳಿದರೆ ನಮ್ಮಾಕೆ ನಗಲೇ ಇಲ್ಲ. "ಆ ಅಜ್ಜನಂಗೆ ಬಾಯಿಬಿಟ್ಟು ಕೇಳಾಕೆ ನಿಮಗೇನಾಗಿತ್ತು ರೀ?" ಅಂದಳು.

ಕೊಟ್ಟ ಮಾತು

ಆಮೇಲೊಂದು ದಿನ ಸಾಹುಕಾರರು ನನ್ನನ್ನು ಒಳಗೆ ಕರೆದು ಮಂಡಕ್ಕಿ ಮಿರ್ಚಿ ತರಿಸಿದರು. ನಮ್ಮಾಕೆಯ ಕೆಲಸದ ವಿಷಯವೇ ಇರಬೇಕು ಅಂದುಕೊಂಡೆ.

"ತೆರಿಗೆ ಇಳಿದ್ರೆ ಕೆಲಸ ಹೆಚ್ಚಾಗುತ್ತೆ ಅಂದಿದ್ನೋ ಇಲ್ವೋ? ಮಾತಿಗೆ ತಪ್ಪಾದಿಲ್ಲ ನಾನು. ಇವತ್ತಿಂದ ಹಿರಿಯೂರಾಗಿರೋ ನಮ್ಮ ಗೋಡೌನಿನ ಸ್ಟಾಕ್ ಬುಕ್ಕು, ಲಾರಿ ರಿಜಿಸ್ಟರು ಎರಡೂ ನಿಂದೇ."

ಸಂಜೆ ನಮ್ಮಾಕೆ ಬಾಗಿಲಲ್ಲೇ ನಿಂತಿದ್ದಳು. "ಕೆಲಸ ಆಯ್ತಾ?"

"ಆಯ್ತು."

"ಯಾವಾಗಿಂದ ಬರ್ಬೇಕಂತೆ ನಾನು?"

"ಆಗಿದ್ದು ನನಗೆ ಕಣೆ. ಇದ್ದಿದ್ದರ ಮೇಲೆ ಇನ್ನೆರಡು."

ಅವಳು ಹೋಗಿ ಮಾರ್ಕ್ಸ್ ಕಾರ್ಡನ್ನು ಬೀರುವಿಗೆ ಸೇರಿಸಿದಳು. ಅವತ್ತಿನಷ್ಟು ಸಂಕಟ ನನಗೆ ಯಾವತ್ತೂ ಆಗಿಲ್ಲ.

ಭಾನುವಾರ ನಾನು ಎರಡು ಬುಕ್ಕು ಹರವಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದೆ. ಅವಳು ಕಿತ್ತುಕೊಂಡಳು. "ಕೊಡ್ರಿ ಇಲ್ಲಿ. ನಿಮ್ಮ ಅಕ್ಷರ ನಂಬಿದ್ರೆ ಲಾರಿಯೋರು ದಾರಿ ತಪ್ತಾರೆ." ಹಾಗೆ ಎಂಟು ತಿಂಗಳು ಅವಳೇ ಬರೆದಳು. ಸಾಹುಕಾರರು "ನಿನ್ನ ಅಕ್ಷರ ಮುತ್ತಾಗೈತೆ" ಅಂದರೆ ನಾನು ನಾಚಿಕೆ ಬಿಟ್ಟು "ಹೂನ್ರಿ" ಅನ್ನುತ್ತಿದ್ದೆ.

ಕೊನೆಗೆ ಚಿತ್ರದುರ್ಗದ ಆಡಿಟರ್ ಬಂದು ಪುಟ ತಿರುವಿ ಹಾಕಿದರು. "ಎರಡು ಕೈಬರಹ ಐತಲ್ರಿ. ಹೊಸಬರನ್ನ ತಗಂಡ್ರಾ? ಸಂಬಳ ಕೊಟ್ಟು ತಗಂಡ್ರೆ ಅದಕ್ಕೂ ತೆರಿಗೇಲಿ ರಿಯಾಯಿತಿ ಸಿಗುತ್ತೆ."

ಸಾಹುಕಾರರ ಕಣ್ಣಲ್ಲಿ ಹಳೇ ಕನಸು ಮತ್ತೆ ಇಳಿದು ಬಂತು. ಆಮೇಲೆ ನನ್ನ ಕಡೆ ನೋಡಿದರು. ನಿಜ ಹೇಳಿಬಿಟ್ಟೆ.

"ನಾಳೆನೇ ಕರ್ಕಂಬಾ. ಆದ್ರೆ ಇಂಟರ್‌ವ್ಯೂ ಮಾಡೇ ತಗಳಾದು" ಅಂದರು.

ಮಾರನೇ ದಿನ ಕನ್ನಡಕ ಹಾಕಿಕೊಂಡು ಗಂಭೀರವಾಗಿ ಕುಂತರು. ನಮ್ಮಾಕೆ ಎದುರಿಗೆ ಕುಂತಳು, ನಾನು ಬಾಗಿಲ ಹತ್ತಿರ ನಿಂತೆ.

"ಈ ಕೆಲಸದಾಗೆ ಅನುಭವ ಐತೇನಮ್ಮ?"

"ಎಂಟು ತಿಂಗಳು ಐತ್ರಿ."

"ಎಲ್ಲಿ ಮಾಡಿದ್ದು?"

"ನಿಮ್ಮಲ್ಲೇ ರೀ."

ಸಾಹುಕಾರರು ಕನ್ನಡಕ ಸರಿಮಾಡಿಕೊಂಡು, ಬಂದವರಿಗೆಲ್ಲ ಕೇಳುವ ಪ್ರಶ್ನೆಯನ್ನೇ ಕೇಳಿದರು. "ಅಲ್ಲಿ ಯಾಕಮ್ಮ ಬಿಟ್ಟೆ?"

"ಸಂಬಳ ಕೊಡ್ತಿರ್ಲಿಲ್ಲ ರೀ. ಅದಕ್ಕೆ ಇಲ್ಲಾದ್ರೂ ಕೇಳಾಣ ಅಂತ ಬಂದೆ."